ರಾಣಿ ಹುಡುಕಿದ ದಾರ

ಎಲ್ಲಾದರೂ ಒಂದು ದಾರದ ತುದಿ ನೇತಾಡುತ್ತಿದ್ದರೆ ನನ್ನ ಅಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಜೀನ್ಸ್ ಶೆಡ್ಡಿನಲ್ಲಿ ಅವಳದು ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು, ಒಳಗೆ ಹೊರಗೆ ತಿರುವಿ, ಹೊಲಿಗೆಯ ಕೊನೆಗಳಲ್ಲಿ ಉಳಿದ ದಾರವನ್ನೆಲ್ಲ ಪುಟ್ಟ ಕಟರಿನಿಂದ ಚಕ್ಕನೆ ಕತ್ತರಿಸಿ ಪಕ್ಕಕ್ಕೆ ಎಸೆಯಬೇಕು. ದಿನವಿಡೀ ಅದೇ. ವರ್ಷಗಟ್ಟಲೆ ಹಾಗೆ ಕೂತು ಕೂತು ಅದು ಕೆಲಸವಾಗಿ ಉಳಿಯದೆ ಚಟವಾಗಿಬಿಟ್ಟಿತ್ತು. ಕಟರನ್ನು ಕರಿದಾರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದಳು. ಮದುವೆಮನೆಯಲ್ಲಿ ಬೀಗಿತ್ತಿಯ ಕುಪ್ಪಸದ ತೋಳು, ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರು, ಯಾವುದನ್ನೂ ಬಿಟ್ಟವಳಲ್ಲ. ಒಮ್ಮೆ ನೇಮಕಲ್ಲಿಗೆ ಹೋದಾಗ ಆಂಜನೇಯನಿಗೆ ಕೈ ಮುಗಿಯುವುದನ್ನು ಬಿಟ್ಟು, ತೀರ್ಥ ಕೊಡುತ್ತಿದ್ದ ಪೂಜಾರಪ್ಪನ ಶಲ್ಯದ ಅಂಚಿಗೆ ಕಟರು ಹಾಕಿದಳು. ಆತ ಬೆಚ್ಚಿ ಹಿಂದೆ ಸರಿದ. ನಾನು ನಾಚಿಕೆಯಿಂದ ಕಂಬದ ಮರೆಗೆ ಹೋದೆ.

ನಾನೂ ಅದೇ ಶೆಡ್ಡಿನಲ್ಲಿ ಚೈನ್ ಹೊಲಿಗೆಯ ಮಷೀನಿನ ಮೇಲಿದ್ದೆ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು, ಸಿಟ್ಟಿನಲ್ಲಿ ಮಾತ್ರ ದೊಡ್ಡವಳು. ಬೆಳಿಗ್ಗೆ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಊರಿನಿಂದ ರಾಯದುರ್ಗಕ್ಕೆ, ಸಂಜೆ ಮೈಗೆಲ್ಲ ನೀಲಿ ಧೂಳು ಮೆತ್ತಿಕೊಂಡು ವಾಪಸ್ಸು. ಸಿಂಬಳ ತೆಗೆದರೆ ಅದೂ ನೀಲಿ. ನಮ್ಮೂರಿನ ಹೆಚ್ಚಿನ ಹೆಣ್ಣುಮಕ್ಕಳ ದಿನಗಳು ಆಗ ಹೀಗೇ ಕಳೆಯುತ್ತಿದ್ದವು. ಗಂಡಸರು ಬೆಂಗಳೂರಿನಲ್ಲಿ, ಕಟ್ಟಡದ ಕೆಲಸದಲ್ಲಿ. ಅಕ್ಕನ ಗಂಡನೂ ಅಲ್ಲೇ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಭಾವ ನಮ್ಮ ಸೋದರಮಾವನ ಮಗನೇ, ಚಿಕ್ಕಂದಿನಿಂದ ನನ್ನ ಜೊತೆ ಜಗಳವಾಡುತ್ತ ಬೆಳೆದವನು. ಹಾಗಾಗಿ ಅವನ ಮೇಲೆ ನನಗೆ ಮರ್ಯಾದೆ ಕಡಿಮೆ, ಪ್ರೀತಿ ಜಾಸ್ತಿ. ಅವನು ವರ್ಷಕ್ಕೆ ಎರಡೇ ಸಲ ಊರಿಗೆ ಬರುತ್ತಿದ್ದ. ದಸರೆಗೆ ಬಂದರೆ ಎರಡು ದಿನ, ಯುಗಾದಿಗೆ ಬಂದರೆ ಹದಿನೈದು ದಿನ. ಯುಗಾದಿಗೆ ಅಷ್ಟು ದಿನ ಯಾಕೆಂದರೆ ಹಬ್ಬವಾದ ಐದನೆಯ ದಿನ ನಮ್ಮೂರಿನಲ್ಲಿ ಬಯಲಾಟ. ಅದರಲ್ಲಿ ರಾಜನ ಪಾತ್ರ ಭಾವನದು.

ನಮ್ಮೂರ ಆಟದ ಬಗ್ಗೆ ಹೇಳುವಾಗ ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಸುತ್ತಲ ಎಷ್ಟೋ ಊರುಗಳಲ್ಲಿ ಆಟ ನಿಂತುಹೋಯಿತು. ಪಾತ್ರಧಾರಿಗಳು ಬೆಂಗಳೂರಿಗೋ ಓಬಳಾಪುರದ ಗಣಿ ಕಡೆಗೋ ಹೋದರು, ಮದ್ದಲೆಗಳನ್ನು ಇಲಿ ಕಡಿದವು. ನಮ್ಮೂರಿನಲ್ಲಿ ಮಾತ್ರ ಬೇವು ಹೂ ಬಿಟ್ಟು ಹೊಂಗೆ ಚಿಗುರುವ ಹೊತ್ತಿಗೆ ತಾಲೀಮು ಶುರುವಾಗಲೇಬೇಕು. ಊರಿನಲ್ಲಿ ಇಲ್ಲದವರಿಗೆ ಮಾಸ್ತರು ಫೋನಿನಲ್ಲೇ ಪಾಠ ಹೇಳುತ್ತಿದ್ದರು. ಇವರು ಇಲ್ಲಿ ಕಟ್ಟೆಯ ಮೇಲೆ ಕೂತು ತಾಳ ಹಾಕುವುದು, ಅವರು ಅಲ್ಲಿ ಅರ್ಧ ಕಟ್ಟಿದ ಮಾಳಿಗೆಯ ಮೇಲೆ ನಿಂತು ಗೆಜ್ಜೆಯಿಲ್ಲದ ಕಾಲು ಕುಣಿಸುವುದು. ಭಾವ ಸಿಮೆಂಟಿನ ಚೀಲಗಳ ಎದುರು ನಿಂತು "ಭಳಿರೇ ಸಾರಥಿ" ಎಂದು ಅಬ್ಬರಿಸುವುದನ್ನು ನೋಡಿ, ಬೇರೆ ರಾಜ್ಯದ ಕೂಲಿಯವರು ಇವನಿಗೆ ಏನೋ ಬಡಿದಿದೆ ಎಂದು ಎರಡು ದಿನ ದೂರ ಮಲಗಿದರಂತೆ.

ಮಾಸ್ತರು ಅಂದೆನಲ್ಲ, ಅವರು ಶಾಲೆಯ ಮಾಸ್ತರಲ್ಲ. ಭೈರವಾನಿತಿಪ್ಪ ಅಣೆಕಟ್ಟಿನ ನೀರು ಹಾಯುವ ಕಡೆ ಎರಡು ತುಂಡು ಹೊಲವಿದ್ದ ರೈತರು, ಆಟ ಕಲಿಸುವವರು. ಹಾಡು, ಮಾತು, ಹೆಜ್ಜೆ ಎಲ್ಲ ಅವರ ಹತ್ತಿರವಿದ್ದ ಒಂದು ದಪ್ಪ ಪುಸ್ತಕದಲ್ಲಿತ್ತು. ಆ ಪುಸ್ತಕದ ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತೆಲುಗು. ಅವರ ಅಪ್ಪ ಓದಿದ್ದು ತೆಲುಗು ಶಾಲೆ, ಬರೆದದ್ದು ಹಾಗೆ. ನಮ್ಮ ಮನೆಯಲ್ಲೂ ಅಕ್ಕ ತೆಲುಗು ಶಾಲೆಗೆ ಹೋದವಳು, ನಾನು ಕನ್ನಡ ಶಾಲೆಗೆ. ಆದ್ದರಿಂದ ಅಕ್ಕ ಆ ಪುಸ್ತಕವನ್ನು ನೀರು ಕುಡಿದಂತೆ ಓದುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಪುಸ್ತಕಕ್ಕೆ ಬೈಂಡು ಹಾಕಿಸಬೇಕೆಂದು ಮಾಸ್ತರು ಒಮ್ಮೆ ಅದನ್ನು ನಮ್ಮ ಕೈಯಲ್ಲಿ ರಾಯದುರ್ಗಕ್ಕೆ ಕಳಿಸಿದ್ದರು. ಒಂದು ವಾರ ಅದು ನಮ್ಮ ಮನೆಯಲ್ಲೇ ಉಳಿಯಿತು. ಅಂಗಡಿ ಮುಚ್ಚಿದೆ ಎಂದು ಅಕ್ಕ ಅವರಿಗೆ ಸುಳ್ಳು ಹೇಳಿದ್ದಳು. ಆ ವಾರದಲ್ಲಿ ರಾಣಿಯ ಪಾತ್ರ ಪೂರ್ತಿ ಅವಳ ಬಾಯಿಗೆ ಬಂದಿತ್ತು.

ಬಂದು ಪ್ರಯೋಜನವೇನು? ನಮ್ಮಲ್ಲಿ ಹೆಣ್ಣು ಪಾತ್ರಕ್ಕೆ ಯಾವಾಗಲೂ ಹೊರಗಿನಿಂದ ಆಟದ ಹೆಣ್ಣುಮಗಳೊಬ್ಬಳನ್ನು ಕರೆಸುವುದು ರೂಢಿ. ಊರ ಹೆಣ್ಣುಮಕ್ಕಳು ಆಟಕ್ಕೆಂದು ಹಲಗೆ ಹಾಕಿ ಕಟ್ಟಿದ ಅಟ್ಟದ ಮುಂದೆ ಚಾಪೆ ಹಾಸಿಕೊಂಡು ನೋಡಬೇಕು, ಬೆಳಗಾದ ಮೇಲೆ ಚಾಪೆ ಮಡಚಿಕೊಂಡು ಮನೆಗೆ ಬರಬೇಕು. ಅಕ್ಕ ಶೆಡ್ಡಿನಲ್ಲಿ ದಾರ ಕತ್ತರಿಸುತ್ತಲೇ ರಾಣಿಯ ಮಾತು ಹೇಳುತ್ತಿದ್ದಳು. ಮಷೀನುಗಳ ಸದ್ದಿನ ಮೇಲೆ ಕೇಳಿಸಬೇಕಲ್ಲ, ಹಾಗಾಗಿ ಗಂಟಲು ಗಟ್ಟಿಯಾಗಿತ್ತು. ಒಂದೊಂದು ಸಲ ಸೂಪರ್‌ವೈಸರ್ ಬಂದು ನಿಂತು ಕೇಳಿಸಿಕೊಂಡು, ಬೈಯುವುದನ್ನು ಮರೆತು ಹೋಗುತ್ತಿದ್ದ. "ಒಂದೇ ಒಂದ್ಸಲ ಆ ಅಟ್ಟದ ಮ್ಯಾಲೆ ನಿಂತು ಹೇಳಬೇಕು ನೋಡೇ," ಎಂದು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ. ಅವಳು ಬೇರೇನನ್ನೂ ಹಾಗೆ ಆಸೆಪಟ್ಟು ಕೇಳಿದ್ದು ನನಗೆ ನೆನಪಿಲ್ಲ.

ಆ ವರ್ಷ ಹಬ್ಬ ಇನ್ನೂ ಹದಿನೈದು ದಿನವಿರುವಾಗ, ಬರಬೇಕಿದ್ದ ಆಟದ ಹೆಣ್ಣುಮಗಳು ಬೇರೆ ಊರಿಗೆ ಒಪ್ಪಿಕೊಂಡಿದ್ದಾಳೆಂದು ಸುದ್ದಿ ಬಂತು. ಕಟ್ಟೆಯ ಮೇಲೆ ಹಿರಿಯರೆಲ್ಲ ತಲೆಗೆ ಕೈ ಹೊತ್ತು ಕೂತರು. ನಾವು ಆಟೋ ಇಳಿದು ಬರುತ್ತಿದ್ದೆವು. ಅಕ್ಕ ನೇರ ಅಲ್ಲಿಗೆ ಹೋಗಿ, ತಲೆಯ ಮೇಲಿನ ನೀಲಿ ಧೂಳನ್ನೂ ಒರೆಸಿಕೊಳ್ಳದೆ ಹೇಳಿದಳು.

"ಮಾಸ್ತರೇ, ರಾಣಿ ಪಾರ್ಟು ನಾ ಮಾಡ್ತೀನ್ರಿ."

ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಾಸ್ತರು ಮಾತ್ರ ನಗಲಿಲ್ಲ.

"ಮಾತು ಬರ್ತಾವೇನವ್ವ?"

ಅಕ್ಕ ಅಲ್ಲೇ ನಿಂತು ಮೊದಲಿನಿಂದ ಶುರು ಮಾಡಿದಳು. ನಾಲ್ಕನೆಯ ಮಾತಿಗೆ ಮಾಸ್ತರು ಕೈ ಎತ್ತಿ ನಿಲ್ಲಿಸಿದರು.

"ನಿನ್ನ ಮಾತಿನಾಗ ತಪ್ಪಿಲ್ಲ ತಂಗಿ. ನನಗಿರೋದು ಬ್ಯಾರೆ ಹೆದರಿಕಿ. ಹೊರಗಿನಾಕಿ ತಪ್ಪಿದ್ರ ಒಂದು ದಿನ ನಗ್ತಾರ. ಊರ ಹೆಣ್ಣುಮಗಳು ತಪ್ಪಿದ್ರ ಸಾಯೋತನಕ ನಗ್ತಾರ."

"ರಾಜನ ಪಾರ್ಟು ನಮ್ಮನೆಯವರದೇ ಅಲ್ರಿ. ಮತ್ಯಾರಿಗೆ ಏನು ತೊಂದ್ರಿ?"

ಮಾಸ್ತರು ಎದ್ದು ನಿಂತರು. "ಮಾಡು. ಆದ್ರ ಕೊನೀ ಸೀನು ಕೆಟ್ಟಿತು ಅಂದ್ರ, ಇನ್ಮುಂದ ಈ ಊರ ಹೆಣ್ಣುಮಕ್ಕಳು ಯಾರೂ ಅಟ್ಟ ಹತ್ತಂಗಿಲ್ಲ. ನಾನು ಇರೋತನಕ ಇಲ್ಲ. ನಿನ್ನೊಬ್ಬಾಕಿ ಸಲುವಾಗಿ ಎಲ್ಲರಿಗೂ ಬಾಗಿಲು ಮುಚ್ಚತೈತಿ. ಒಪ್ಪಿದ್ರ ನಾಳಿಂದ ತಾಲೀಮಿಗೆ ಬಾ."

"ಒಪ್ಪಿದೆ ರೀ," ಎಂದಳು ಅಕ್ಕ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಆ ಊರ ಹೆಣ್ಣುಮಗಳೇ ಅಲ್ಲವೇ ಎಂದು ದಾರಿಯುದ್ದಕ್ಕೂ ಜಗಳವಾಡಿದೆ.

ಕೊನೆಯ ಸೀನು ಯಾವುದೆಂದು ಹೇಳಿಬಿಡುತ್ತೇನೆ. ನಮ್ಮ ಆಟದಲ್ಲಿ ಒಬ್ಬ ರಾಜನನ್ನು ಅವನ ಮಂತ್ರಿ ಮೋಸದಿಂದ ಊರು ಬಿಡಿಸುತ್ತಾನೆ. ರಾಜ ಹನ್ನೆರಡು ವರ್ಷ ತಿರುಪೆಯವನ ವೇಷದಲ್ಲಿ ಅಲೆದು, ಕೊನೆಗೆ ತನ್ನದೇ ಸಭೆಗೆ ಬಂದು ನಿಲ್ಲುತ್ತಾನೆ. ರಾಣಿ ಅವನನ್ನು ಗುರುತಿಸಿ, ಹಿಂದಿನಿಂದ ಅವನ ತೇಪೆಯ ಅಂಗಿಯನ್ನು ಒಂದೇ ಸಲ ಎಳೆಯುತ್ತಾಳೆ. ಅಂಗಿ ಮುಂದಕ್ಕೆ ಜಾರಿ ಬೀಳುತ್ತದೆ. ಒಳಗೆ ಎದೆಗೆ ಭುಜಕ್ಕೆ ಕನ್ನಡಿ ಚೂರು ಕೂರಿಸಿದ ರಾಜನ ವೇಷ. ಅಟ್ಟವನ್ನು ಪೂರ್ವಕ್ಕೆ ಮುಖ ಮಾಡಿ ಕಟ್ಟುವುದೂ, ಆಟವನ್ನು ಬೆಳಗಿನ ಹೊತ್ತಿಗೆ ತಂದು ನಿಲ್ಲಿಸುವುದೂ ಇದಕ್ಕಾಗಿಯೇ. ಮೊದಲ ಬಿಸಿಲು ಆ ಕನ್ನಡಿಗಳ ಮೇಲೆ ಬೀಳಬೇಕು. ಆದರೆ ಸೂರ್ಯ ಮಾಸ್ತರ ತಾಳಕ್ಕೆ ಸರಿಯಾಗಿ ಎಂದೂ ಬರುತ್ತಿರಲಿಲ್ಲ. ನಾನು ನೋಡಿದ ಎಲ್ಲ ವರ್ಷವೂ ಅಂಗಿ ಬೀಳುವುದು ಸ್ವಲ್ಪ ಮುಂಚೆ, ಬಿಸಿಲು ಬರುವುದು ಸ್ವಲ್ಪ ಆಮೇಲೆ.

ತೇಪೆಯ ಅಂಗಿ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯದು ಜೀರ್ಣವಾಗಿತ್ತು. ನಾನು ಶೆಡ್ಡಿನಲ್ಲಿ ಕೇಳಿ ಜೀನ್ಸ್ ತುಂಡುಗಳನ್ನು ತಂದೆ. ಕಡುನೀಲಿ, ತಿಳಿನೀಲಿ, ಬೂದಿ, ಕಪ್ಪು, ಎಲ್ಲ ಬಣ್ಣದ ತುಂಡು ಸೇರಿಸಿ ಮೊಣಕಾಲವರೆಗಿನ ಅಂಗಿ ಹೊಲಿದೆ. ಮುಂದೆ ಮುಚ್ಚಿದ್ದು, ಹಿಂದೆ ಕುತ್ತಿಗೆಯಿಂದ ಅಂಚಿನವರೆಗೆ ಒಂದೇ ಉದ್ದನೆಯ ಹೊಲಿಗೆ. ಬಿಚ್ಚಬೇಕಾದದ್ದು ಆ ಹೊಲಿಗೆ. ಹಿಂದೆಲ್ಲ ಅಲ್ಲಿ ಕೈಯಲ್ಲಿ ನಾಲ್ಕು ಕಚ್ಚಾ ಹೊಲಿಗೆ ಹಾಕುತ್ತಿದ್ದರು, ಎಳೆದರೆ ಕಿತ್ತು ಬರುತ್ತಿತ್ತು. ನಾನೂ ಹಾಗೇ ಹಾಕಿದೆ. ಜೀನ್ಸ್ ಬಟ್ಟೆಯ ಭಾರ ಗೊತ್ತಲ್ಲ, ತಾಲೀಮಿನ ದಿನ ಭಾವ ಎರಡು ಸುತ್ತು ಕುಣಿಯುವಷ್ಟರಲ್ಲೇ ಅಂಗಿ ಬೆನ್ನು ಬಿಟ್ಟುಕೊಂಡಿತು. ತಿರುಪೆಯವನ ಅಂಗಿಯ ಒಳಗಿಂದ ಬೆಂಗಳೂರಿನ ಬನೀನು ಕಂಡಿತು. ಎಲ್ಲರೂ ನಕ್ಕರು. ಮಾಸ್ತರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಅಕ್ಕಿ ಮೂಟೆಯ ಬಾಯಿ ಬಿಚ್ಚಿದವರಿಗೆಲ್ಲ ಚೈನ್ ಹೊಲಿಗೆಯ ಗುಣ ಗೊತ್ತು. ತಪ್ಪು ಕಡೆಯಿಂದ ಎಳೆದರೆ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. ಸರಿಯಾದ ತುದಿ ಸಿಕ್ಕರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ದಿನವಿಡೀ ಅದನ್ನೇ ಹೊಲಿಯುವವಳಿಗೆ ಇದು ಹೊಳೆಯಲು ಅಷ್ಟು ದಿನ ಬೇಕಾಯಿತೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಅಂಗಿಯನ್ನು ಶೆಡ್ಡಿಗೆ ಒಯ್ದು, ಊಟದ ಹೊತ್ತಿನಲ್ಲಿ ಕುತ್ತಿಗೆಯಿಂದ ಅಂಚಿನವರೆಗೆ ನೀಲಿ ದಾರದಲ್ಲಿ ಒಂದು ಚೈನ್ ಹೊಲಿಗೆ ಎಳೆದೆ. ಅಂಚಿನಲ್ಲಿ ಒಂದು ಗೇಣು ದಾರದ ಬಾಲ ಬಿಟ್ಟೆ. ಅದನ್ನು ಹಿಡಿದು ಎಳೆದರೆ ಸಾಕು. ಅಕ್ಕ ನನ್ನೆದುರೇ ಮೂರು ಸಲ ಎಳೆದು ನೋಡಿದಳು, ಮೂರು ಸಲವೂ ಅಂಗಿ ಬಾಯಿ ತೆರೆಯಿತು, ನಾನು ಮೂರು ಸಲವೂ ಮತ್ತೆ ಹೊಲಿದೆ. ನನಗಂತೂ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಆಟದ ದಿನ ಸುತ್ತಲ ಊರುಗಳಿಂದ ಜನ ಬಂದರು. ನಮ್ಮ ಶೆಡ್ಡಿನವರೇ ಎರಡು ಆಟೋ ತುಂಬ ಬಂದಿದ್ದರು, ಅಕ್ಕನ ಜೊತೆ ಕೂತು ದಾರ ಕತ್ತರಿಸುವವರು, ಜಿಪ್ಪು ಕೂರಿಸುವವರು, ಜೇಬು ಹೊಲಿಯುವವರು. ಅಕ್ಕ ಮೊದಲ ಸಲ ಅಟ್ಟ ಹತ್ತಿ ಬಾಯಿ ತೆರೆದಾಗ ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದವರೂ ಸುಮ್ಮನಾದರು. ಮಷೀನುಗಳನ್ನು ಮೀರಿಸಿ ಬೆಳೆದ ಗಂಟಲು ಅದು. ಒಂದು ಮಾತು ತಪ್ಪಲಿಲ್ಲ, ಒಂದು ಹೆಜ್ಜೆ ತಪ್ಪಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಯಾವೂರಿಂದ ಕರೆಸ್ಯಾರ ಈಕಿನ್ನ?" ಎಂದು ಕೇಳಿದಳು. "ನಮ್ಮೂರಾಕಿನೇ, ನಮ್ಮಕ್ಕ," ಎಂದೆ. ಆ ಮಾತನ್ನು ಹೇಳಿದ ಸುಖ ಇನ್ನೂ ನನ್ನ ನಾಲಿಗೆಯ ಮೇಲಿದೆ.

ಕೊನೆಯ ಸೀನಿನ ಹೊತ್ತಿಗೆ ಮೂಡಣ ಕೆಂಪಾಗಿತ್ತು. ಅಟ್ಟದ ಹಿಂದೆ ಪರದೆ ಕಟ್ಟಿದ ಜಾಗದಲ್ಲಿ ಭಾವನಿಗೆ ನಾನು ತೇಪೆಯ ಅಂಗಿ ತೊಡಿಸಿದೆ. ಅಕ್ಕ ಬಂದು ಅದರ ಭುಜ ಸರಿ ಮಾಡಿದಳು, ಬೆನ್ನು ಸವರಿದಳು, ಅಂಚು ಜಗ್ಗಿದಳು. ಮದ್ದಲೆ ಕರೆಯಿತು. ಅವಳು ಕೈಯಲ್ಲಿದ್ದ ಕಟರನ್ನು ನನ್ನ ಕೈಗೆ ಹಾಕಿ, "ಇದನ್ನ ಇಟ್ಕೋ," ಎಂದು ಮೆಟ್ಟಿಲು ಹತ್ತಿದಳು. ಭಾವ ಅವಳ ಹಿಂದೆ ಹೋದ.

ಕಟರು ಅವಳ ಕೈಯಲ್ಲಿ ಯಾಕಿತ್ತು ಎಂದು ನನಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಕೆಳಗೆ ನೋಡಿದೆ. ಚಾಪೆಯ ಮೇಲೆ ಒಂದು ಗೇಣು ನೀಲಿ ದಾರ ಬಿದ್ದಿತ್ತು.

ಅವಳು ಬೇಕೆಂದು ಮಾಡಿದ್ದಲ್ಲ. ಅವಳ ತಲೆ ರಾಣಿಯ ಮಾತಿನಲ್ಲಿತ್ತು, ಕೈ ಶೆಡ್ಡಿನಲ್ಲಿತ್ತು. ಅಂಚಿನಲ್ಲಿ ದಾರ ಕಂಡಿತು, ಕತ್ತರಿಸಿತು. ಅದೂ ನಮ್ಮ ಶೆಡ್ಡಿನಲ್ಲಿ ಎಲ್ಲರಿಗಿಂತ ಮಟ್ಟಸವಾಗಿ ಕತ್ತರಿಸುವವಳು ಎಂದು ಹೆಸರು ಪಡೆದ ಕೈ, ಎರಡು ಬೆರಳಿಗೆ ಹಿಡಿಯುವಷ್ಟೂ ಉಳಿಸಿರಲಿಲ್ಲ. ನಾನು ಬೇರೆ ಜಾಣತನ ಮಾಡಿ, ಜನಕ್ಕೆ ಕಾಣಬಾರದೆಂದು ನೀಲಿ ಬಟ್ಟೆಗೆ ನೀಲಿ ದಾರವನ್ನೇ ಹಾಕಿದ್ದೆ. ದಾರವನ್ನು ಎತ್ತಿಕೊಂಡೆ. ಓಡಿ ಅಟ್ಟದ ಪಕ್ಕಕ್ಕೆ ಹೋಗಿ ನಿಂತೆ. ಹತ್ತಿ ಕಟರು ಕೊಡುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ.

ಭಾವ ಪೂರ್ವಕ್ಕೆ ಮುಖ ಮಾಡಿ ನಿಂತ. ಅಕ್ಕ ಹಿಂದೆ ಬಂದು, ಅಂಚಿಗೆ ಕೈ ಹಾಕಿದಳು. ಕೈ ಆ ಕಡೆ ಈ ಕಡೆ ತಡಕಾಡಿತು. ನಿಂತಿತು. ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ಕಟರನ್ನೂ ದಾರವನ್ನೂ ಎತ್ತಿ ತೋರಿಸಿದೆ. ಅವಳಿಗೆ ಅರ್ಥವಾಯಿತು. ಬಣ್ಣ ಬಳಿದ ಮುಖದ ಮೇಲೂ ಅದು ಕಂಡಿತು.

ಬಟ್ಟೆ ಹಿಡಿದು ಒಮ್ಮೆ ಎಳೆದಳು. ಭಾವ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದ, ಅಂಗಿ ಜಗ್ಗಲಿಲ್ಲ. ನನ್ನ ಹೊಲಿಗೆ ಅಷ್ಟು ಗಟ್ಟಿ. ಹಿಂದಿನಿಂದ ನಗು ಶುರುವಾಯಿತು. "ಲಾಗಮ್ಮಾ, ಗಟ್ಟಿಗಾ ಲಾಗು!" ಎಂದು ಯಾವನೋ ತೆಲುಗಿನಲ್ಲಿ ಕೂಗಿದ, ಎಳೆ, ಗಟ್ಟಿಯಾಗಿ ಎಳೆ ಎಂದು. ಮಾಸ್ತರು ಹಾರ್ಮೋನಿಯಂ ಮೇಲೆ ಅದೇ ಸಾಲನ್ನು ಎರಡನೆಯ ಸಲ ನುಡಿಸಿದರು. ಅವರ ಮುಖ ಕಲ್ಲಾಗಿತ್ತು. ಇನ್ನೊಂದು ಸಲ ಎಳೆದು ಬಿಚ್ಚದಿದ್ದರೆ ಎಲ್ಲ ಮುಗಿಯಿತು, ಅವಳದೂ ನಮ್ಮದೂ ಎಂದು ನನಗೆ ಗೊತ್ತಿತ್ತು.

ಅಕ್ಕ ಎಳೆಯಲಿಲ್ಲ. ಅಂಗಿಯನ್ನು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾವನ ಸುತ್ತ ನಿಧಾನ ಒಂದು ಸುತ್ತು ಬಂದಳು.

"ಎಲೈ ಭಿಕ್ಷುಕನೇ, ನಿಲ್ಲು ನಿಲ್ಲು! ನೀನೇ ಎನ್ನ ಪತಿಯೆಂದು ಸಭೆಯವರು ಹೇಳಿದ ಮಾತ್ರಕ್ಕೆ ನಾನು ಒಪ್ಪುವೆನೇ? ಹನ್ನೆರಡು ವರುಷ ಹಾದಿ ನೋಡಿದವಳು, ಗುರುತು ನೋಡದೆ ಒಪ್ಪೆನು!"

ಈ ಮಾತು ಪುಸ್ತಕದಲ್ಲಿರಲಿಲ್ಲ. ಅಟ್ಟದ ಮೇಲೆ ಎಲ್ಲ ಪಾತ್ರಗಳನ್ನೂ ಮಾತಾಡಿಸುವ ಸಾರಥಿಯ ಪಾತ್ರ ಮಾಡಿದ್ದವನು ಹಳೆಯ ಕೈ, ಏನೋ ಎಡವಟ್ಟಾಗಿದೆ ಎಂದು ಅವನಿಗೆ ತಿಳಿಯಿತು. "ಎಂಥಾ ಗುರುತಮ್ಮಾ? ಮುಖ ನೋಡ್ತೀರೋ, ಕೈ ನೋಡ್ತೀರೋ?" ಎಂದು ಎತ್ತಿಕೊಟ್ಟ.

"ಮುಖದ ಗುರುತನ್ನು ಬಿಸಿಲು ತಿಂದೀತು. ಕೈಯ ಗುರುತನ್ನು ಕೂಲಿ ತಿಂದೀತು. ನಾನು ಇವನ ಅಂಗಿಯ ಹೊಲಿಗೆ ನೋಡುವೆನು ಸಾರಥಿ!"

ಶೆಡ್ಡಿನವರು ಕೂತ ಕಡೆಯಿಂದ ಸಿಳ್ಳೆ ಬಿತ್ತು. ಅಕ್ಕ ಆ ಕಿರೀಟ, ಆ ಒಡವೆಗಳ ಸಮೇತ ಅಟ್ಟದ ಹಲಗೆಯ ಮೇಲೆ ಕೂತೇಬಿಟ್ಟಳು. ಶೆಡ್ಡಿನಲ್ಲಿ ಹೇಗೆ ಕೂರುತ್ತಿದ್ದಳೋ ಹಾಗೆಯೇ, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ. ಅಂಗಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಹೊಲಿಗೆಯನ್ನು ಕೆರೆಯತೊಡಗಿದಳು. ರಾಣಿಯೊಬ್ಬಳು ತಿರುಪೆಯವನ ಕಾಲ ಬಳಿ ಕೂತದ್ದನ್ನು ನಮ್ಮ ಅಟ್ಟ ಅದುವರೆಗೆ ಕಂಡಿರಲಿಲ್ಲ. ಉಗುರು ಹುಡುಕುತ್ತಿತ್ತು, ಬಾಯಿ ಹೇಳುತ್ತಿತ್ತು.

"ಈ ತುಂಡು ಯಾವ ಊರಲ್ಲಿ ಸೇರಿತು? ಈ ತುಂಡು ಯಾವ ಹಾದಿಯಲ್ಲಿ ಹರಿಯಿತು? ಉಂಡ ದಿನ ಯಾವುದು, ಉಪವಾಸ ಮಲಗಿದ ದಿನ ಯಾವುದು? ಒಂದೊಂದಾಗಿ ಹೇಳು, ಹೇಳುವ ತನಕ ಬಿಡೆನು."

ನಗು ನಿಂತಿತ್ತು. ಅಕ್ಕನ ದನಿಯಲ್ಲಿ ಆಟದ ಗತ್ತು ಕರಗುತ್ತ ಬಂತು. ಮನೆಯ ಮಾತೇ ಬಾಯಿಗೆ ಬಂತು.

"ಹಬ್ಬಕ್ಕ ಬರ್ತೀನಿ ಅಂತ ಹೋದಿ. ಎಷ್ಟು ಹಬ್ಬ ಹೋದ್ವು? ನಾ ಒಬ್ಬಾಕಿನೇ ದೀಪಾವಳಿ ದೀಪ ಹಚ್ಚಿದೆ. ಜ್ವರ ಬಂದ್ರ ನಿನಗ ಹಣಿ ಮುಟ್ಟಿ ನೋಡಿದವರು ಯಾರು? ನನಗ ನೋಡಿದವರು ಯಾರು?"

ಚಾಪೆಗಳ ಮೇಲೆ ಕೂತ ಹೆಂಗಸರು ಒಬ್ಬರೂ ಅಲುಗಾಡಲಿಲ್ಲ. ಅವರೆಲ್ಲರ ಗಂಡಂದಿರೂ ಎರಡು ದಿನ ಬಿಟ್ಟರೆ ಬೆಂಗಳೂರಿನ ಬಸ್ಸು ಹತ್ತುವವರೇ. ಕಲಿತ ಮಾತು ಬಿಟ್ಟು ಒಂದು ಮಾತೂ ಬಾರದ ನನ್ನ ಭಾವ, ಪೂರ್ವಕ್ಕೆ ನೋಡುತ್ತಲೇ ಹೇಳಿದ, "ತಡ ಆಯ್ತು. ಬಂದೀನಿ."

ಆಗ ಅಕ್ಕನ ಭುಜ ಸಡಿಲವಾದದ್ದನ್ನು ನಾನು ಕಂಡೆ. ತುದಿ ಸಿಕ್ಕಿತ್ತು. ಅವಳು ಎದ್ದು ನಿಂತು, ಉಗುರುಗಳ ನಡುವೆ ಹಿಡಿದ ದಾರವನ್ನು ಮೆಲ್ಲಗೆ ಒಂದು ಮೊಳ ಎಳೆದುಕೊಂಡು, ಬೆರಳಿಗೆ ಸುತ್ತಿ, "ಎನ್ನೊಡೆಯಾ!" ಎಂದು ಪುಸ್ತಕದ ಮಾತನ್ನು ಕೂಗಿ ಜಗ್ಗಿದಳು. ಸರ್ರನೆ ಸದ್ದಾಯಿತು. ಅಂಗಿ ಮುಂದಕ್ಕೆ ಜಾರಿ ಭಾವನ ಪಾದದ ಮೇಲೆ ಬಿತ್ತು. ಅಷ್ಟು ತಡವಾದದ್ದರಿಂದ ಸೂರ್ಯ ಹೊಂಗೆಯ ಮರ ದಾಟಿ ಮೇಲೆ ಬಂದಿದ್ದ. ಭಾವನ ಎದೆಯ, ಭುಜದ ಕನ್ನಡಿಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಮುಂದಿನ ಸಾಲಿನವರು ಕಣ್ಣಿಗೆ ಕೈ ಅಡ್ಡ ಹಿಡಿದರು. ನಾನು ಹುಟ್ಟಿದಾಗಿನಿಂದ ನೋಡಿದ ಆಟ, ಆ ಬೆಳಕನ್ನು ಅಂದೇ ಮೊದಲು ಕಂಡದ್ದು.

ಸಿಳ್ಳೆ, ಚಪ್ಪಾಳೆ, ಕೇಕೆ ಎಷ್ಟೋ ಹೊತ್ತು ನಿಲ್ಲಲಿಲ್ಲ. ನಾನು ಗೊಳೋ ಎಂದು ಅಳುತ್ತಿದ್ದೆ. ನನ್ನ ಅಕ್ಕ ಎನ್ನುವುದಕ್ಕಿಂತ ದೊಡ್ಡ ಹೆಮ್ಮೆ ನನಗೆ ಆಮೇಲೆ ಯಾವುದರಿಂದಲೂ ಬಂದಿಲ್ಲ.

ಪರದೆಯ ಹಿಂದೆ ಬಂದ ಮೇಲೆ ಅವಳು ಕೇಳಿದ ಮೊದಲ ಮಾತು, "ನಾನೇ ಕತ್ತರಿಸಿದ್ನೇನೇ?"

ನಾನು ದಾರವನ್ನು ಅವಳ ಮುಂದೆ ಹಿಡಿದೆ. ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲಾಗದೆ ಚಾಪೆಯ ಮೇಲೆ ಕೂತೆವು. ಭಾವ ಮಾತ್ರ ನಗಲಿಲ್ಲ. ಕಿರೀಟ ತೆಗೆದು ಪಕ್ಕಕ್ಕಿಟ್ಟು, "ಖರೇನ ನನ್ನ ಗುರುತು ಸಿಗಲಿಲ್ಲೇನೋ ಅಂದ್ಕೊಂಡೆ," ಎಂದ. ಅಕ್ಕ ನಗು ನಿಲ್ಲಿಸಿ ಅವನನ್ನೇ ನೋಡಿದಳು.

ಅಷ್ಟರಲ್ಲಿ ಮಾಸ್ತರು ಬಂದರು. ಕಂಕುಳಲ್ಲಿ ಪುಸ್ತಕವಿತ್ತು. ನಾವು ಮೂವರೂ ಎದ್ದು ನಿಂತೆವು. ನನಗೆ ತಡೆಯಲಾಗಲಿಲ್ಲ. "ತಪ್ಪು ನಂದು ಮಾಸ್ತರೇ. ದಾರದ ಬಣ್ಣ ನಾನೇ ನೀಲಿ ಹಾಕಿದ್ದೆ," ಎಂದೆ. "ಇಲ್ರಿ, ಬಾಲ ಕತ್ತರಿಸಿದಾಕಿ ನಾನು," ಎಂದಳು ಅಕ್ಕ. ಅವರು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬಿದ್ದಿದ್ದ ಅಂಗಿಯನ್ನು ಎತ್ತಿ, ಬಿಚ್ಚಿಕೊಂಡ ಬೆನ್ನನ್ನು ತಿರುವಿ ತಿರುವಿ ನೋಡಿದರು.

"ನೀ ಹೇಳಿದ್ದು ಯಾವುದೂ ಪುಸ್ತಕದಾಗ ಇಲ್ಲ," ಎಂದರು.

"ಇಲ್ರಿ," ಎಂದಳು ಅಕ್ಕ.

ಮಾಸ್ತರು ಪುಸ್ತಕ ಬಿಡಿಸಿ, ಕೊನೆಯ ಸೀನಿನ ಪುಟ ತೆಗೆದು, ಜೇಬಿನಿಂದ ಪೆನ್ನು ಕೊಟ್ಟರು. "ಬರಿ. ಮರೆಯೋದರಾಗ ಬರಿ. ಹಬ್ಬದ್ದು, ಜ್ವರದ್ದು, ಎಲ್ಲಾ."

ಅವರಪ್ಪನ ಅಕ್ಷರ, ಅವರ ಅಕ್ಷರ ಬಿಟ್ಟು ಮೂರನೆಯವರ ಅಕ್ಷರ ಆ ಪುಸ್ತಕದಲ್ಲಿರಲಿಲ್ಲ. ಅಕ್ಕ ಮುಖದ ಬಣ್ಣವನ್ನೂ ತೊಳೆಯದೆ ನೆಲದ ಮೇಲೆ ಕೂತು, ಅಂಚಿನ ಖಾಲಿ ಜಾಗದಲ್ಲಿ ತನ್ನ ದುಂಡು ತೆಲುಗು ಅಕ್ಷರದಲ್ಲಿ ನಮ್ಮ ಮನೆಯ ಕನ್ನಡವನ್ನು ಬರೆದಳು. ಬರೆದದ್ದನ್ನು ಮಾಸ್ತರು ಎರಡು ಸಲ ಓದಿದರು. ಏನೂ ತಿದ್ದಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಬರೋ ವರ್ಷ ಬಾಲ ಬಿಡಬ್ಯಾಡ. ರಾಣಿ ಯಾರೇ ಆಗ್ಲಿ, ಹಿಂಗ ಕೂತು ಹುಡುಕಲಿ. ಊರಾಗ ಹುಡುಗ್ಯಾರು ಇದ್ದಾರಲ್ಲ, ಕಲಿಸೋಣು."

ಹೇಳುತ್ತಿದ್ದಂತೆಯೇ ನಾನು ನೋಡಿದೆ, ಅಕ್ಕನ ಕಣ್ಣು ಅವರ ಹೆಗಲ ಮೇಲಿನ ಟವೆಲಿನ ಅಂಚಿನಲ್ಲಿ ನೆಟ್ಟಿತ್ತು. ಅಲ್ಲೊಂದು ದಾರ ನೇತಾಡುತ್ತಿತ್ತು. ಬೇಡ ಎಂದು ನಾನು ಕಣ್ಣಿನಲ್ಲೇ ಹೇಳುವಷ್ಟರಲ್ಲಿ ಅವಳು ನನ್ನ ಕೈಯಿಂದ ಕಟರು ಕಿತ್ತುಕೊಂಡು ಕೈ ಚಾಚಿಯಾಗಿತ್ತು. ಮಾಸ್ತರು ಹಿಂದೆ ಸರಿಯಲಿಲ್ಲ. ಅವಳಿಗೆ ಎಟುಕಲೆಂದು ಹೆಗಲನ್ನು ಸ್ವಲ್ಪ ಬಗ್ಗಿಸಿ ಕೊಟ್ಟರು.